ಅರ್ಧಕ್ಕೆ ನಿಲ್ಲುವ ವೈಪರ್

ಬೇಕರಿಯ ಯಜಮಾನಿಗೆ ಆ ಮಳೆಗಾಲದಲ್ಲಿ ತಲೆ ಕೆಡಿಸಿದ್ದು ಮಳೆಯಲ್ಲ, ಕಾರಿನ ವೈಪರ್. ಗಂಡ ಬೇಯಿಸಿದ ಬ್ರೆಡ್ಡನ್ನು ಬೆಳಗಾಗುತ್ತಲೇ ಹಾಸ್ಟೆಲುಗಳಿಗೆ ತಲುಪಿಸುವುದು ಅವಳ ಪಾಲಿನ ಕೆಲಸ. ಸ್ವಿಚ್ಚು ಹಾಕಿದರೆ ಪಕ್ಕದ ಸೀಟಿನ ಮುಂದಿನ ವೈಪರ್ ಗಾಜನ್ನು ಲಕ್ಷಣವಾಗಿ ಒರೆಸುತ್ತಿತ್ತು. ಇವಳ ಕಣ್ಣೆದುರಿನದು ಮಾತ್ರ ಅರ್ಧದವರೆಗೆ ಏರಿ, ಚಳಿಜ್ವರ ಬಂದಂತೆ ನಡುಗಿ, ಅಲ್ಲೇ ಕುಸಿಯುತ್ತಿತ್ತು.

ಗಂಡನ ಅಣ್ಣನ ಮನೆ ಹಿಂದಿನ ಬೀದಿಯಲ್ಲೇ ಇತ್ತು. ಭಾವನಿಗೆ ವಿಮಾ ಕಚೇರಿಯಲ್ಲಿ ಕೆಲಸ; ಆದರೆ ಯಾರ ಮನೆಯಲ್ಲಿ ಏನು ಕೆಟ್ಟರೂ ಕರೆಯದೆಯೇ ಸ್ಕ್ರೂಡ್ರೈವರ್ ಹಿಡಿದು ಬರುವವರು. ಬಾನೆಟ್ಟು ತೆರೆಯುವ ಮೊದಲೇ ಮೋಟಾರು ಹೋಗಿದೆಯೆಂದು ತೀರ್ಪು ಕೊಟ್ಟರು.

"ಎರಡನ್ನೂ ಓಡಿಸೋದು ಒಂದೇ ಮೋಟಾರಲ್ವಾ ಭಾವ? ಅದು ಕೆಟ್ಟಿದ್ರೆ ಎರಡೂ ನಿಲ್ಬೇಕಿತ್ತು," ಎಂದಳು.

"ನೀನು ಬನ್ನು ನೋಡ್ಕೋಮ್ಮ. ಇದು ನನಗಿರ್ಲಿ."

ಮೊದಲು ಫ್ಯೂಸು ಬದಲಾಯಿತು. ಆಮೇಲೆ ಹಳೇ ಸಾಮಾನಿನ ಅಂಗಡಿಯಿಂದ ಮೋಟಾರು ಬಂತು. ಭಾನುವಾರವೆಲ್ಲ ಅದನ್ನು ಕೂರಿಸುವುದರಲ್ಲೇ ಕಳೆಯಿತು. ಸ್ವಿಚ್ಚು ಹಾಕಿದರೆ ಅದೇ ನಡುಕ, ಅದೇ ಕುಸಿತ. ಹಾಗಾದರೆ ಸ್ವಿಚ್ಚೇ ಕೆಟ್ಟಿರಬೇಕು ಎಂದು ಭಾವ ಗಡ್ಡ ಕೆರೆದುಕೊಂಡರು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು ಎಂದು ಅವಳು ಗಂಡನ ಹತ್ತಿರ ಗೊಣಗಿದಳು. ಅಣ್ಣ ಪಾಪ ಕಷ್ಟಪಡುತ್ತಿದ್ದಾನೆ, ಏನೂ ಅನ್ನಬೇಡ ಎಂದು ಅವನು ಹಿಟ್ಟಿನಿಂದ ಕೈ ತೆಗೆಯದೆ ಹೇಳಿದ. ಗ್ಯಾರೇಜಿನವನಿಗೆ ಫೋನು ಮಾಡಿದರೆ, ಮಳೆಗೆ ಎಲ್ಲರ ಗಾಡಿಯೂ ಕೆಟ್ಟಿದೆ, ಮುಂದಿನ ವಾರ ನೋಡೋಣ ಎಂದ. ಈ ಮಗ್ಗುಲಿಗೆ ಹೊರಳಿದರೆ ಗೋಡೆ, ಆ ಮಗ್ಗುಲಿಗೆ ಹೊರಳಿದರೂ ಗೋಡೆ.

ಮಾರನೆಯ ಬೆಳಿಗ್ಗೆ ಅತ್ತೆಯನ್ನು ಮಂಡಿನೋವಿಗೆ ಡಾಕ್ಟರ ಹತ್ತಿರ ಕರೆದೊಯ್ಯಬೇಕಿತ್ತು. ಆಕಾಶ ತಿಳಿಯಾಗಿದೆಯೆಂದು ನಂಬಿ, ಹಿಂದಿನ ಸೀಟಿನಲ್ಲಿ ಬ್ರೆಡ್ಡಿನ ಟ್ರೇ, ಪಕ್ಕದಲ್ಲಿ ಅತ್ತೆಯನ್ನು ಕೂರಿಸಿಕೊಂಡು ಹೊರಟಳು. ಅರ್ಧ ದಾರಿಗೆ ಬರುವಷ್ಟರಲ್ಲಿ ಮಳೆ ಧೋ ಎಂದು ಸುರಿಯಿತು. ಅತ್ತೆಯ ಕಡೆಗೆ ವಾಲಿ, ಅವರ ಮುಂದಿನ ಗಾಜಿನಿಂದ ಕತ್ತು ಚಾಚಿ ನೋಡುತ್ತ, ಗಾಡಿ ನಿಲ್ಲಿಸಲು ಜಾಗ ಹುಡುಕಿದಳು.

"ಸೈಕಲ್ಲು," ಎಂದರು ಅತ್ತೆ.

ಅವಳು ಬ್ರೇಕು ತುಳಿದಳು. ಸೈಕಲ್ಲಿನವನು ಕೂದಲೆಳೆಯಲ್ಲಿ ಪಾರಾದ. ಬ್ರೆಡ್ಡೆಲ್ಲ ಸೀಟಿನ ಕೆಳಗೆ. ಅವನು ಬಾನೆಟ್ಟಿಗೊಂದು ಗುದ್ದಿ, ಬಾಯಿಗೆ ಬಂದದ್ದು ಬೈದು ಹೋದ. ಬೈದದ್ದರಲ್ಲಿ ತಪ್ಪೇನಿತ್ತು? ಅವಳು ತೆವಳಿದಂತೆ ಓಡಿಸಿ ಪೆಟ್ರೋಲ್ ಬಂಕಿನ ಸೂರಿನಡಿ ಗಾಡಿ ನಿಲ್ಲಿಸಿದಳು. ಸಿಟ್ಟಿಗೋ ಹೆದರಿಕೆಗೋ, ಕಣ್ಣಲ್ಲಿ ನೀರು.

ಅತ್ತೆಗೆ ಸ್ವಿಚ್ಚು ತೋರಿಸಿ, ಹೇಳಿದಾಗ ಹಾಕಿ ಎಂದು ಕೆಳಗಿಳಿದಳು. ವೈಪರಿನ ಬುಡಕ್ಕೆ ಕಣ್ಣಿಟ್ಟು ನೋಡಿದಳು. ಒಳಗಿನ ಕಡ್ಡಿ ಪೂರ್ತಿ ತಿರುಗುತ್ತಿದೆ. ಮೇಲಿನ ವೈಪರ್ ಕೈ ಮಾತ್ರ ಅರ್ಧಕ್ಕೆ ಜಾರುತ್ತಿದೆ. ಬುಡದ ಮುಚ್ಚಳ ತೆಗೆದರೆ ನಟ್ಟು ಬೆರಳಲ್ಲೇ ಗಿರ್ರನೆ ತಿರುಗಿತು. ಇಷ್ಟಕ್ಕೇನಾ! ಬಂಕಿನಿಂದ ಸ್ಪ್ಯಾನರ್ ತಂದು ಬಿಗಿದಳು. ನಾಲ್ಕು ಸಲ ಸರಿಯಾಗಿ ಒರೆಸಿ, ಮತ್ತೆ ಜಾರಿತು.

ಸ್ಪ್ಯಾನರನ್ನು ರಸ್ತೆಗೆಸೆಯಬೇಕೆನ್ನಿಸಿತು. ಹಲ್ಲು ಕಚ್ಚಿಕೊಂಡು ವೈಪರ್ ಕೈಯನ್ನೇ ಬಿಚ್ಚಿದಳು. ಒಳಗಿನ ಸಣ್ಣ ಸಣ್ಣ ಹಲ್ಲುಗಳ ಸಂದಿಯಲ್ಲಿ ಸವೆದ ಲೋಹದ ಪುಡಿ ಮೆತ್ತಿಕೊಂಡಿತ್ತು. ಅತ್ತೆ ಮುಡಿಯಿಂದ ಒಂದು ಪಿನ್ನು ತೆಗೆದು ಕಿಟಕಿಯಿಂದ ಚಾಚಿದರು. ಪುಡಿಯನ್ನೆಲ್ಲ ಕೆರೆದು, ಮತ್ತೆ ಕೂರಿಸಿ, ಮೈಭಾರ ಹಾಕಿ ಬಿಗಿದಳು. ಈ ಸಲ ಜಾರಲಿಲ್ಲ.

ಸರಿಹೋಯಿತೆಂದು ಸಂತೋಷಪಡಲು ಪುರುಸೊತ್ತಿರಲಿಲ್ಲ. ಹಾಸ್ಟೆಲಿನ ಅಡುಗೆಯವನು ಅಪ್ಪಚ್ಚಿಯಾದ ಬ್ರೆಡ್ಡನ್ನು ವಾಪಸು ಕೊಟ್ಟ. ಡಾಕ್ಟರು ಅಷ್ಟರಲ್ಲಿ ಎದ್ದು ಹೋಗಿದ್ದರು.

ಸಂಜೆ ಭಾವ ಬಂದು ಸ್ವಿಚ್ಚು ಹಾಕಿ ನೋಡಿ, "ನೋಡಿದ್ಯಾ, ಹೊಸ ಮೋಟಾರು ಪಳಗೋಕೆ ಒಂದು ದಿನ ಬೇಕು ಅಷ್ಟೆ," ಎಂದರು. ಗಂಡ ನೆಲ ನೋಡಿದ.

ಹಿರಿಮಗನಿಗೆ ಎಂದೂ ಎದುರಾಡದ ಅತ್ತೆ ಕುರ್ಚಿಯಿಂದಲೇ ಹೇಳಿದರು: "ನಿನ್ನ ಮೋಟಾರಲ್ಲ ಕಣೋ. ಬುಡ ಸಡಿಲಾಗಿತ್ತು, ಅವಳು ಬಿಗಿ ಮಾಡಿದ್ಲು. ಮೋಟಾರಲ್ಲ ಅಂತ ಅವಳು ಮೊದಲೇ ಹೇಳಿದ್ಲು. ನಿನಗೆ ಕಿವಿ ಇರ್ಲಿಲ್ಲ."

ಭಾವ ವೈಪರಿನ ಬುಡವನ್ನೊಮ್ಮೆ ಅಲ್ಲಾಡಿಸಿ ನೋಡಿ, ಒಳಗಿನ ಹಲ್ಲು ಸವೆದಿದ್ದರೆ ಮತ್ತೆ ಜಾರುತ್ತದೆ ಎಂದರು. ಹೊಟ್ಟೆ ಉರಿಸುವ ಸಂಗತಿಯೆಂದರೆ, ಆ ಮಾತು ಮಾತ್ರ ನಿಜವಾಯಿತು. ವಾರ ಕಳೆಯುವುದರೊಳಗೆ ಅದು ಮತ್ತೆ ಅರ್ಧಕ್ಕೆ ನಿಂತಿತು. ಅವಳು ಹೊಸ ವೈಪರ್ ಕೈ ತಂದು ಬೇಕರಿಯ ಮುಂದೆ ತಾನೇ ಹಾಕತೊಡಗಿದಳು. ಭಾವ ಬಂದರು, ಕೈ ಕಟ್ಟಿ ನಿಂತರು, ಕೇಳಿದಾಗ ಸ್ಪ್ಯಾನರ್ ಕೊಟ್ಟರು. ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿರಲು ಅವರು ಪಟ್ಟ ಪಾಡು ಮುಖದಲ್ಲೇ ಕಾಣುತ್ತಿತ್ತು.