ಎಡವಟ್ಟು ಮಾಡಿದವನು

“ಲಾಗ್‌ಬುಕ್ ಇಲ್ಲ ಅಂದ್ರೆ ನೀವು ಹಾರೇ ಇಲ್ಲ ಅಂತ ಅರ್ಥ,” ಎಂದು ವಿಮಾನ ಕಂಪನಿಯವಳು ಫೋನಿಟ್ಟಮೇಲೂ ಅವನು “ಸರಿ ಮೇಡಂ” ಎನ್ನುತ್ತಲೇ ಇದ್ದ.

ಹಾರಾಟದ ಲೆಕ್ಕವೆಲ್ಲ ಬರೆದಿದ್ದ ಆ ಪುಸ್ತಕ ಬ್ಯಾಗಿನ ಸಮೇತ ಟ್ಯಾಕ್ಸಿಯಲ್ಲೇ ಉಳಿದುಹೋಗಿತ್ತು. ತರಬೇತಿ ಕೊಟ್ಟ ಕ್ಲಬ್ಬಿನ ಹಳೆಯ ಕಡತಗಳನ್ನು ಗೆದ್ದಲು ಓದಿ ಮುಗಿಸಿತ್ತು. “ವಿಮಾನ ಓಡಿಸೋ ಅಳಿಯಂದ್ರಿಗೆ ಒಂದು ಬ್ಯಾಗು ಕಾಯೋಕಾಗಲ್ಲ,” ಎಂದು ಮಾವ ಊಟಕ್ಕೆ ಕೂತಾಗಲೇ ಅಂದಿದ್ದರು. ಈಗ ಉಳಿದದ್ದು ಒಂದೇ ದಾರಿ. ಹಾರಲು ಕಲಿಸಿದ ಕ್ಯಾಪ್ಟನ್ ‘ಇವನು ನನ್ನ ಶಿಷ್ಯ, ಹಾರಿದ್ದು ನಿಜ’ ಎಂದು ಸಹಿ ಹಾಕಬೇಕು, ಅದೂ ಸಂಜೆಯೊಳಗೆ. ಇಲ್ಲವಾದರೆ ಪೈಲಟ್ ಕೆಲಸವಿಲ್ಲ, ಕೈಗೆ ಬಂದ ತುತ್ತು ಬಾಯಿಗಿಲ್ಲ.

ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ಮುದುಕ ಕ್ಯಾಪ್ಟನ್ ಅವನ ಮುಖದ ಹತ್ತಿರಕ್ಕೇ ಬಂದು ನೋಡಿದರು. ಕಣ್ಣಿಗೆ ಪೊರೆ ಬಂದಿತ್ತು, ನೆನಪಿಗೂ. ಅವನು ಹೆಸರು ಹೇಳಿದ, ವರ್ಷ ಹೇಳಿದ. ಅವರಿಗೇನೂ ಹೊಳೆಯಲಿಲ್ಲ.

“ಹೆಸರು ಗಿಸರು ನೆನಪಿರಲ್ಲಪ್ಪ. ಏನು ಎಡವಟ್ಟು ಮಾಡಿದ್ದೆ ಹೇಳು, ತಕ್ಷಣ ಗುರುತು ಹಿಡೀತೀನಿ.”

ಅವನು ಎಷ್ಟು ತಡಕಿದರೂ ಒಂದು ಎಡವಟ್ಟೂ ಸಿಗಲಿಲ್ಲ. ಪ್ರತಿ ಸಲವೂ ನೆಟ್ಟಗೆ ಏರಿ ನೆಟ್ಟಗೆ ಇಳಿದವನು. ಇಷ್ಟು ದಿನ ಅದೊಂದು ಹೆಮ್ಮೆಯಾಗಿತ್ತು, ಈಗ ನಾಚಿಕೆಯಾಯಿತು.

“ಗೊತ್ತಾಯ್ತು!” ಕ್ಯಾಪ್ಟನ್ ಮೇಜು ಕುಟ್ಟಿದರು. “ರನ್‌ವೇ ಬಿಟ್ಟು ಪಕ್ಕದ ದಾರೀಲಿ ಇಳಿಸಿ, ಆಮೇಲೆ ಬಂದು ನಂಗೇ ಸೆಲ್ಯೂಟ್ ಹೊಡೆದವನು ನೀನೇ ಅಲ್ವೇನೋ?”

ಅದು ಅವನ ರೂಮ್‌ಮೇಟ್. ಇಬ್ಬರಿಗೂ ಒಂದೇ ಕೋಣೆ, ಒಂದೇ ಬಕೆಟ್ಟು, ಒಂದೇ ಡಬ್ಬಿ ಶೂ ಪಾಲಿಶ್. ಒಂದು ಸಂಜೆ ಒಬ್ಬನೇ ಹಾರಿಹೋದವನು ಬೆಟ್ಟಕ್ಕೆ ಬಡಿದು ಸತ್ತ.

ಜೇಬಿನಲ್ಲಿ ಫೋನು ನಡುಗಿತು. ಹೆಂಡತಿ. “ರೀ, ಹಾಕಿದ್ರಾ ಸಹಿ?”

“ಹಾಕ್ತಿದ್ದಾರೆ,” ಎಂದು ಇಟ್ಟ. ಆಮೇಲೆ ಮುದುಕರತ್ತ ತಿರುಗಿ, “ಹೌದು ಸರ್. ಅವನು ನಾನೇ.”

ಕ್ಯಾಪ್ಟನ್ ಎದ್ದು ಬಂದು ಅವನನ್ನು ತಬ್ಬಿಕೊಂಡರು. “ಬದುಕಿದ್ದೀಯಲ್ಲೋ ಕತ್ತೆ! ಮೋಡ ಕವಿದಿದ್ರೂ ಅವತ್ತು ನಾನೇ ಕಳಿಸಿದ್ದು. ನೀನು ಸತ್ತೆ ಅಂತ ಎಷ್ಟು ವರ್ಷ ನಿದ್ದೆಗೆಟ್ಟೆ ಗೊತ್ತಾ?” ತುಸು ತಡೆದು ಕೇಳಿದರು: “ಹಾಗಾದ್ರೆ ಸತ್ತಿದ್ದು ಯಾರು?”

“ಇನ್ನೊಬ್ಬ, ಸರ್. ನಿಮಗೆ ನೆನಪಿರಲ್ಲ.”

“ಹೋಗ್ಲಿ ಬಿಡು.” ಮುದುಕರು ಕಣ್ಣೊರೆಸಿಕೊಂಡು ಕ್ಲಬ್ಬಿನ ಅಚ್ಚಿನ ಕಾಗದದ ಮೇಲೆ ತಡಕಾಡಿ ಸಹಿ ಹಾಕಿದರು. “ಹೆಸರು ನೀನೇ ಬರ್ಕೋ.”

ಹೊರಗೆ ಗಾಳಿ ಎದ್ದಿತ್ತು. ಹಗ್ಗ ಬಿಗಿದು ನಿಲ್ಲಿಸಿದ್ದ ತರಬೇತಿ ವಿಮಾನವೊಂದರ ರೆಕ್ಕೆಯ ಮೇಲೆ ಕಾಗದವಿಟ್ಟು ಪೆನ್ನು ತೆಗೆದ. ಇನ್ನು ಕೆಲಸ ಸಿಕ್ಕ ಹಾಗೆಯೇ. ಖುಷಿಯಾಗಲಿಲ್ಲ, ಭಯವಾಯಿತು. ಯಾರ ಹೆಸರು? ಮೊದಲ ಅಕ್ಷರಕ್ಕೇ ಕೈ ನಿಂತಿತು.

ಕೈಯಡಿಯಲ್ಲಿ ರೆಕ್ಕೆ ಅಲುಗಿತು, ಅದರ ಅಂಚಿನ ಪಟ್ಟಿ ಗಾಳಿಗೆ ಏರಿಳಿಯಿತು. ಅವನು ಗಾಜಿನೊಳಗೆ ಇಣುಕಿದ. ಗುರುವಿನದು, ಶಿಷ್ಯನದು, ಎರಡೂ ಸೀಟು ಖಾಲಿ. ಅವುಗಳ ಮುಂದಿನ ಎರಡೂ ಚಾಲನೆಯ ಹಿಡಿಗಳು ಒಟ್ಟಿಗೆ, ನಿಧಾನವಾಗಿ, ಎಡಕ್ಕೆ ತಿರುಗಿದವು, ಆಮೇಲೆ ಬಲಕ್ಕೆ.