ನೀಲಾಳ ನಕಾಶೆಯ ರೋಮು

ನನಗೆ ಇಟಲಿಯ ವೀಸಾ ಬರಲಿಲ್ಲ. ಆ ಒಂದು ಕಾಗದ ಬಾರದ್ದಕ್ಕೆ ಮೊಮ್ಮಗಳು ನೀಲಾ ಮೂರು ವಾರ ನನ್ನನ್ನು ಆಯಿ ಎಂದು ಕರೆಯಲಿಲ್ಲ.

ಎಂಬತ್ತಾರನೆಯ ಇಸವಿಯ ಬೇಸಿಗೆ. ಅಳಿಯ ವೀರಣ್ಣನಿಗೆ ರೋಮಿನಲ್ಲಿ ಆಫೀಸಿನ ಮೀಟಿಂಗು ಇತ್ತು. ಎಲ್ಲರೂ ಹೋಗುವುದೆಂದು ಆಗಿತ್ತು. ಹನ್ನೊಂದು ವರ್ಷದ ನೀಲಾ ಲೈಬ್ರರಿಯಿಂದ ಪುಸ್ತಕ ತಂದು, ರೋಮಿನ ನಕಾಶೆ ಬರೆದು, ಮೊದಲು ಚೌಕ, ಆಮೇಲೆ ಮೆಟ್ಟಿಲು, ಆಮೇಲೆ ಚರ್ಚು, ಕೊನೆಗೆ ಐಸ್‌ಕ್ರೀಮು ಎಂದು ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದಿದ್ದಳು. ಆ ನಡಿಗೆಗೆಂದು ನನಗೆ ಬಿಳಿ ಕ್ಯಾನ್ವಾಸ್ ಬೂಟು ಆರಿಸಿದವಳೂ ಅವಳೇ. ಕೊನೆಗೆ ವೀರಣ್ಣ ಒಬ್ಬನೇ ಹೋದ. ಇಂಗ್ಲಿಷು ಬಾರದ ಮುದುಕಿಯನ್ನು ಅಮೆರಿಕದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಡ್ಯಾನ್‌ವಿಲ್ಲಿನ ಮನೆಯಲ್ಲಿ ಒಂಟಿಯಾಗಿ ಬಿಡುವುದು ಹೇಗೆಂದು ಮಗಳು ಶೈಲಜಾ ಉಳಿದಳು. ಅವಳ ಜೊತೆ ನೀಲಾಳೂ.

"ಆಕಿ ಸಿಟ್ಟು ನಾಕ ದಿನದ್ದು, ಬಿಡವ್ವಾ," ಎಂದಳು ಶೈಲಜಾ.

ಅಲ್ಲವೆಂದು ನನಗೆ ಗೊತ್ತಿತ್ತು. ನಾನು ಅಷ್ಟೇ ದೊಡ್ಡವಳಿದ್ದಾಗ ಅಪ್ಪ ವಿಜಾಪುರದ ಗೋಲಗುಮ್ಮಟ ತೋರಿಸುತ್ತೇನೆ ಎಂದಿದ್ದ. ಅಲ್ಲಿ ಒಮ್ಮೆ ಕೂಗಿದರೆ ಏಳು ಸಲ ಮರುಕೂಗು ಬರುತ್ತದಂತೆ. ಏನು ಕೂಗಬೇಕೆಂದೂ ನಿಶ್ಚಯ ಮಾಡಿಕೊಂಡಿದ್ದೆ. ಹೊರಡುವ ದಿನ ಅಜ್ಜಿಗೆ ಜ್ವರ ಬಂತು, ರೈಲು ಹತ್ತಲಿಲ್ಲ. ಗುಮ್ಮಟವನ್ನು ಇಂದಿಗೂ ನೋಡಿಲ್ಲ. ಅಜ್ಜಿಗೆ ಬೆನ್ನು ತಿರುಗಿಸಿ ಮಲಗಿದ್ದು ಮಾತ್ರ ನೆನಪಿದೆ.

ಆ ಶನಿವಾರ ಶೈಲಜಾಳಿಗೆ ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಲ್ಯಾಬಿನಲ್ಲಿ ಕೆಲಸವಿತ್ತು. "ಹೋಗೂ ದಾರ್‍ಯಾಗ ನಮ್ಮಿಬ್ಬರನ್ನ ಸಿಟಿಯೊಳಗ ಇಳಿಸು," ಎಂದೆ. ನೀಲಾಳಿಗೆ ಹೇಳಿದೆ: "ನಿನ್ನ ನಕಾಶಿ ತಗೊ. ಅದರಂಗ ಅಡ್ಡಾಡೂಣು."

"ಬಟ್ ಇಟ್ಸ್ ನಾಟ್ ರೋಮ್," ಎಂದಳು, ತಾಯಿಯ ಕಡೆ ನೋಡಿ.

"ನಿಮ್ಮ ಆಯಿ ರೋಮ್ ಎಲ್ಲಿ ನೋಡ್ಯಾಳ? ನೀ ತೋರಿಸಿದ್ದ ರೋಮ್," ಎಂದಳು ಶೈಲಜಾ. ಇಟಲಿಯವರ ಓಣಿಯಾದ ನಾರ್ತ್ ಬೀಚಿನಲ್ಲಿ ನಮ್ಮನ್ನು ಇಳಿಸಿ, ನಾಲ್ಕು ಗಂಟೆಗೆ ಯೂನಿಯನ್ ಸ್ಕ್ವೇರಿಗೆ ನಡೆದು ಬರಲು ಹೇಳಿದಳು.

ಚೌಕ ನೋಡಿದೆವು. ಗುಡ್ಡದ ಮೆಟ್ಟಿಲು ಹತ್ತಿದೆವು. ನೂರಾ ಎಂಬತ್ತರವರೆಗೆ ಎಣಿಸಿ ಬಿಟ್ಟೆ. ನೀಲಾ ಮುಂದೆ ಮುಂದೆ. ಆದರೆ ಪ್ರತಿ ತಿರುವಿನಲ್ಲೂ ನಿಂತಿರುತ್ತಿದ್ದಳು, ಸಮುದ್ರ ನೋಡುವವಳ ಹಾಗೆ.

ಇಳಿದು ಬಂದಾಗ ಮೂಲೆಯಲ್ಲೊಂದು ಚಿಕ್ಕ ಚರ್ಚು. ನೀಲಾ ಒಳಗೆ ಹೋದಳು. ಹುಟ್ಟಿದಾಗಿನಿಂದ ಮಾಡಿದ್ದನ್ನೇ ನಾನೂ ಮಾಡಿದೆ: ಬಾಗಿಲ ಮೆಟ್ಟಿಲ ಮೇಲೆ ಬೂಟು ಜೋಡಿಸಿಟ್ಟು ಹಿಂದೆ ನಡೆದೆ. ಒಳಗೆ ಮೇಣದ ಬತ್ತಿ ಉರಿಯುತ್ತಿದ್ದವು. ದೇವರು ಯಾರಾದರೇನು, ಬೇಡುವುದಿತ್ತು, ಬೇಡಿದೆ.

ಹೊರಗೆ ಬಂದರೆ ಮೆಟ್ಟಿಲು ಬರಿದು.

"ವೇರ್ ಆರ್ ಯುವರ್ ಶೂಸ್?"

"ಇಲ್ಲೇ ಬಿಟ್ಟಿದ್ನೆವ್ವಾ. ಇದು ಗುಡಿ ಅಲ್ಲೇನು?"

ನೀಲಾ ಒಳಗೆ ಓಡಿ, ಕಸಬರಿಗೆ ಹಿಡಿದಿದ್ದ ಮುದುಕಿಯೊಬ್ಬಳನ್ನು ಕರೆತಂದಳು. ಮುದುಕಿ ಎದೆ ಮುಟ್ಟಿಕೊಂಡು ಏನೇನೋ ಹೇಳಿದಳು. ನನಗದು ಪೂರಾ ತಿಳಿದದ್ದು ಆ ಸಂಜೆ, ಶೈಲಜಾ ಬಿಡಿಸಿ ಹೇಳಿದ ಮೇಲೆ: ಬಡವರಿಗೆಂದು ಯಾರೋ ಬಿಟ್ಟು ಹೋಗಿದ್ದಾರೆ ಎಂದುಕೊಂಡು ಆಕೆ ಬೂಟನ್ನು ದಾನದ ಡಬ್ಬಿಗೆ ಹಾಕಿದ್ದಳು, ಡಬ್ಬಿಯನ್ನು ಆಗಲೇ ವ್ಯಾನು ಒಯ್ದಿತ್ತು. ಮುದುಕಿ ಒಳಗಿನ ಕಪಾಟಿನಿಂದ ಗಂಡಸರ ಚಪ್ಪಲಿ ತಂದಳು. ಒಂದೊಂದರಲ್ಲಿ ನನ್ನ ಎರಡೂ ಪಾದ ಹಿಡಿಸುತ್ತಿದ್ದವು. ಬೇಡವೆನ್ನುವಷ್ಟರಲ್ಲಿ ಮೊಣಕಾಲೂರಿ ತಾನೇ ತೊಡಿಸಿಬಿಟ್ಟಳು, ನನಗಿಂತ ಹಿರಿಯಳು! ನಾನು ಕೈಮುಗಿದೆ. ಆಕೆಯೂ ಮುಗಿದಳು.

"ನೀ ಆರಿಸಿದ ಬೂಟು ಹೋದುವು," ಎಂದೆ ನೀಲಾಳಿಗೆ. ಅವಳು ನಕಾಶೆ ಬಿಚ್ಚಿ ಮುಂದೆ ನಡೆದಳು. ಮೊದಲನೆಯ ತಪ್ಪೇ ಕರಗಿಲ್ಲ, ಇದು ಎರಡನೆಯದು ಎಂದುಕೊಂಡೆ. ಐಸ್‌ಕ್ರೀಮನ್ನೂ ತಿಂದಾಯಿತು.

ಚೀನಿಯರ ಕಾಯಿಪಲ್ಲೆ ಅಂಗಡಿಗಳನ್ನು ದಾಟಿದರೆ ರಸ್ತೆ ಒಂದು ಸುರಂಗ ಹೊಕ್ಕಿತು. ಬದಿಗೆ ನಡೆಯುವ ದಾರಿ. ಒಳಗೆ ಕಾಲಿಟ್ಟದ್ದೇ ನನ್ನ ಚಪ್ಪಲಿ ಫಟ್ ಫಟ್ ಎಂದವು. ಹತ್ತು ಗಂಡಸರು ನಡೆದಂತೆ ಗೋಡೆಯೆಲ್ಲ ಫಟ್ ಫಟ್ ಎಂದಿತು. ಮುಂದಿದ್ದ ನೀಲಾಳ ಹೆಗಲು ಅದುರತೊಡಗಿತು. ಅಳುತ್ತಿದ್ದಾಳೆ ಎಂದು ಗಾಬರಿಯಾದೆ. ತಿರುಗಿದಳು, ನಗು!

"ಯು ಸೌಂಡ್ ಲೈಕ್ ಎ ಹಾರ್ಸ್!"

ಡ್ಯಾನ್‌ವಿಲ್ಲಿನಲ್ಲಿ ಕುದುರೆಗೇನು ಕಡಿಮೆ; ಆ ಮಾತು ನನಗೂ ಗೊತ್ತಿತ್ತು. "ಗೋಲಗುಮ್ಮಟದಾಗೂ ಹಿಂಗ ಅಂತ," ಎಂದೆ. "ಕೂಗಿದ್ರ ಏಳ ಸಲ ಬರ್ತದಂತ. ನಾ ನೋಡಿಲ್ಲ. ಹೋಗೂ ದಿನ ನಮ್ಮ ಅಜ್ಜಿಗೆ ಜ್ವರ ಬಂತು."

ನಗು ನಿಂತಿತು. ನನ್ನನ್ನು ನೋಡುತ್ತ ನಿಂತಳು. ಆಮೇಲೆ ತೊದಲು ಕನ್ನಡದಲ್ಲಿ ಕೇಳಿದಳು: "ನಿಂಗೆ... ಸಿಟ್ಟು ಬಂತಾ?"

"ಭಾಳ ಬಂತು. ಅಜ್ಜಿ ಏನ್ ಮಾಡ್ತಾಳ ಪಾಪ, ಜ್ವರಾ ಆಕಿ ಕರದಿದ್ದೇನು?"

ನೀಲಾ ನಕಾಶೆಯನ್ನು ಸುರುಳಿ ಮಾಡಿ ಬಾಯಿಗಿಟ್ಟುಕೊಂಡಳು.

"ಆಯೀ..."

ಕಾರೊಂದು ಹಾದು ಅರ್ಧ ನುಂಗಿತು. ಉಳಿದದ್ದು ಗೋಡೆಯಿಂದ ಗೋಡೆಗೆ ಬಡಿದು ನನ್ನ ಹತ್ತಿರ ಬಂತು.

"ಎಷ್ಟು ಸಲ ಬಂತು, ಆಯಿ?"

"ಎಣಸೂದ ಮರ್ತೆ," ಎಂದೆ. "ಇನ್ನೊಮ್ಮೆ ಕೂಗು."