ಗಾಜಿನೊಳಗಿನ ತೇವ

ತೇವ ಅಳೆಯುವ ಮುಳ್ಳು ತೊಂಬತ್ತೈದರ ಮೇಲೆ ನಿಂತುಬಿಟ್ಟಿದೆ, ಗಾಜಿನ ಒಳಬದಿಯಲ್ಲಿ ಒಂದು ಹನಿ ಜಾರಲೋ ಬೇಡವೋ ಎಂದು ಕೂತಿದೆ, ಮರುಭೂಮಿಯ ನಡುವಿನ ಈ ಕಲಾಮಾದ ಇನ್ಯಾವ ಮನೆಯಲ್ಲೂ ಇಷ್ಟು ತೇವ ಇರಲಿಕ್ಕಿಲ್ಲ, ಒಗೆದ ಬಟ್ಟೆ ತಂತಿಗೆ ಹಾಕಿ ತಿರುಗುವಷ್ಟರಲ್ಲಿ ಗರಿಗರಿಯಾಗುವ ಊರು, ನೊಲ್ಫಾಗೆ ಹೆಮ್ಮೆಯಾಗಬೇಕಿತ್ತು, ಆದರೆ ಗಾಜಿನ ಪೆಟ್ಟಿಗೆಯೊಳಗೆ ಸಾಕಿದ ಹಾವು ಬೆಳಗಿನಿಂದ ಕತ್ತು ಎತ್ತಿಕೊಂಡೇ ಇದೆ, ಬಾಯಿ ಸ್ವಲ್ಪ ತೆರೆದು, ಮೂಗಿನ ತುದಿಯಲ್ಲಿ ಒಂದು ಗುಳ್ಳೆ — ಯೂವಿಯಾ, ಅಂದರೆ ಮಳೆ, ಹೆಸರಿಟ್ಟವನು ಎವರಿಸ್ತೊ, ಮೂವತ್ತೊಂದು ವರ್ಷ ಗಣಿಯಲ್ಲಿ ಕಲ್ಲು ಪುಡಿಮಾಡುವ ಯಂತ್ರದ ಪಕ್ಕ ನಿಂತು ಎದೆ ತುಂಬ ಧೂಳು ಹೊತ್ತು ಮನೆಗೆ ಬಂದ ಗಂಡ, ಸಾಕಿದ್ದು ನಾಯಿಯಲ್ಲ, ಬೆಕ್ಕಲ್ಲ, ದೂರದ ಮಳೆಕಾಡಿನ ಹೆಬ್ಬಾವಿನ ಜಾತಿಯದ್ದು, ಬಿಸಿಲು ಬಿದ್ದರೆ ಮೈಮೇಲೆ ಕಾಮನಬಿಲ್ಲು, ಈ ಮನೇಲಿ ಒಬ್ಬರಾದ್ರೂ ಒದ್ದೆ ಗಾಳಿ ಕುಡೀಲಿ ಕಣೇ, ಅಂದಿದ್ದ, ನಗುತ್ತ, ಕೆಮ್ಮುತ್ತ, ಯಾವುದು ನಗು ಯಾವುದು ಕೆಮ್ಮು ಎಂದು ಕೊನೆಕೊನೆಗೆ ಗೊತ್ತಾಗುತ್ತಿರಲಿಲ್ಲ.

ದಿನಕ್ಕೆರಡು ಸಲ ನೀರು ಚಿಮುಕಿಸು, ತಳದ ಪಾಚಿ ಒದ್ದೆ ಇರ್ಲಿ, ತೊಟ್ಟಿಕ್ಕಬಾರ್ದು, ಮುಳ್ಳು ಎಂಬತ್ತರ ಹತ್ರ ಇದ್ರೆ ಸಾಕು — ಎಲ್ಲ ಹೇಳಿಕೊಟ್ಟೇ ಮಾರ್ಚಿನಲ್ಲಿ ತೀರಿಹೋದ, ಆದರೂ ಹೋದ ತಿಂಗಳು ತೇವ ಸಾಲದೆ ಪೊರೆ ಚೂರುಚೂರಾಗಿ ಕಿತ್ತು ಬಂತು, ಒಂದು ಕಣ್ಣಿನ ಮೇಲಿನದು ಬರಲೇ ಇಲ್ಲ, ಬೆಚ್ಚಗಿನ ನೀರಲ್ಲಿ ಇಳಿಸಿ ಅಳುತ್ತ, ಬಟ್ಟೆಯಿಂದ ಮೆಲ್ಲಗೆ ಒರೆಸಿದಳು ನೊಲ್ಫಾ, ಪಕ್ಕದ ಮನೆಯ ಉಬರ್ಲಿಂಡಾ ಗೋಡೆಯ ಮೇಲಿಂದ ಇಣುಕಿ, ಗಂಡಂಗೆ ಯಾವತ್ತಾದ್ರೂ ಹಿಂಗೆ ಸ್ನಾನ ಮಾಡ್ಸಿದ್ಯೇನೇ, ಅಂದಳು, ಇದಾದ್ರೆ ಹೇಳಿದ ಮಾತು ಕೇಳುತ್ತೆ ಬಿಡು, ಅಂದಳು ನೊಲ್ಫಾ, ಇಬ್ಬರೂ ನಕ್ಕರು, ನಗಬಾರದಿತ್ತು. ಇನ್ನು ತೇವ ಹೊರಗೆ ಹೋಗಲೇಬಾರದು ಎಂದುಕೊಂಡಳು. ಮಧ್ಯಾಹ್ನ ಗಾಳಿ ಏಳುವ ಹೊತ್ತಿಗೆ ಈ ಬೀದಿಯಲ್ಲಿ ಎಲ್ಲರೂ ಮಾಡುವುದೇ ಅದು, ಧೂಳು ನುಗ್ಗದಂತೆ ಕಿಟಕಿ ಸಂದಿಗೆ ಅಗಲದ ಅಂಟುಪಟ್ಟಿ, ಬಾಗಿಲ ಕೆಳಗೆ ಸುತ್ತಿಟ್ಟ ಟವೆಲು, ಅಮ್ಮ ಮಾಡುತ್ತಿದ್ದಳು, ಅಜ್ಜಿಯೂ, ಕೈಗೇ ಗೊತ್ತು, ಆ ಕೈಯೇ ಹೋದ ವಾರ ಪೆಟ್ಟಿಗೆಯ ಮುಚ್ಚಳದ ಹನ್ನೆರಡು ತೂತುಗಳ ಮೇಲೂ ಪಟ್ಟಿ ಎಳೆಯಿತು. ಈಗಷ್ಟೇ ಫೋನಿನಲ್ಲಿ ಪಶುವೈದ್ಯೆ, ಅಯ್ಯೋ ಸೆನ್ಯೋರಾ, ಒದ್ದೆ ಬೇಕು ನಿಜ, ಗಾಳಿ ಬೇಡ್ವಾ, ಎದೇಲಿ ಕಫ ಕಟ್ಟಿದೆ ಅನ್ಸುತ್ತೆ, ಅದಕ್ಕೇ ಕತ್ತು ಎತ್ತಿರೋದು, ಮಲಗಿದ್ರೆ ಉಸಿರಾಡೋಕಾಗಲ್ಲ ಅದಕ್ಕೆ, ನಾಲ್ಕಕ್ಕೆ ತನ್ನಿ, ಉಳಿಯುತ್ತೆ ಅಂತ ಮಾತು ಕೊಡಲ್ಲ, ಮೊದ್ಲು ಆ ತೂತು ಬಿಡಿಸಿ.

ಉಗುರಿನಿಂದ ಕೆರೆಯುತ್ತಾಳೆ, ಒಂದು, ಎರಡು, ಅಂಟು ಬೆರಳಿಗೆ ಮೆತ್ತಿಕೊಳ್ಳುತ್ತದೆ, ಮಲಗಿದರೆ ಉಸಿರಾಡಲಾಗುವುದಿಲ್ಲ, ಇದನ್ನು ನೊಲ್ಫಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ, ಮೂರು ದಿಂಬು, ಅದರ ಮೇಲೊಂದು ಮಡಿಸಿದ ಕಂಬಳಿ, ಎವರಿಸ್ತೊ ಕೂತೇ ಮಲಗುತ್ತಿದ್ದ, ಕತ್ತು ಮೇಲಕ್ಕೆ, ಆರು, ಏಳು ತೂತು, ಮಾರ್ಚಿನ ಆ ಮಧ್ಯಾಹ್ನವೂ ಹೀಗೇ ಗಾಳಿ, ತಗಡು ಬಡಿಯುತ್ತಿತ್ತು, ಕಿಟಕಿ ತೆಗಿ ನೊಲ್ಫಾ, ಧೂಳು ಬರುತ್ತೆ ಮಾರಾಯ, ಒಂಚೂರು ತೆಗಿಯೇ, ಧೂಳೇ ಅಲ್ವಾ ನಿನ್ನ ತಿಂದಿದ್ದು, ಆರು ಗಂಟೆಗೆ ಗಾಳಿ ಇಳೀಲಿ, ತೆಗೀತೀನಿ, ಮೂರನೆಯ ಸಲ ಅವನು ಕೇಳಲಿಲ್ಲ, ಒಳ್ಳೆಯದಕ್ಕೇ ಹೇಳಿದ್ದೆ, ಒಳ್ಳೆಯದಕ್ಕೇ, ಐದಕ್ಕೆ ಉಸಿರು ನಿಂತಿತು, ಆರಕ್ಕೆ ಗಾಳಿ ಇಳಿಯಿತು, ಕೊಟ್ಟ ಮಾತಿನಂತೆ ಅವಳು ಎದ್ದು ಹೋಗಿ ಕಿಟಕಿ ತೆಗೆದಳು — ಹನ್ನೊಂದು, ಹನ್ನೆರಡು, ತೂತುಗಳೆಲ್ಲ ಬಿಟ್ಟುಕೊಂಡವು, ಇಗೋ, ಈ ಸಲ ಕೇಳುವ ಮೊದಲೇ, ಕಿಟಕಿಯ ಪಟ್ಟಿಯನ್ನೂ ಕಿತ್ತೆಳೆದಳು, ಕದ ತಳ್ಳಿದಳು, ಗಾಳಿ ನುಗ್ಗಿತು, ಹಾಸಿಗೆ, ಮೂರು ದಿಂಬು, ಎಲ್ಲದರ ಮೇಲೂ ಧೂಳು, ಬರಲಿ, ಗಾಜಿನ ಮಂಜು ಕರಗುತ್ತಿದೆ, ಮುಳ್ಳು ಇಳಿಯುತ್ತಿದೆ, ತೊಂಬತ್ತು, ಎಂಬತ್ತೈದು, ತೆಗೆದೆನಲ್ಲ, ತೆಗೆದಿದ್ದೀನಿ ನೋಡು, ಇನ್ನು ಮಲಗು, ತಲೆ ಕೆಳಗಿಡು — ಎತ್ತಿದ ಕತ್ತು ಇಳಿಯುವುದಿಲ್ಲ, ಕಿಟಕಿಯ ಕಡೆಗೆ ತಿರುಗಿ, ಎತ್ತಿದ ಕತ್ತು